ಮೊದಲು ಅವು ನಿಮ್ಮನ್ನು ನೋಡಲಿ

ಕಳೆದ ಜನವರಿಯ ಒಂದು ಭಾನುವಾರ. ಬೆಳಗಿನ ಏಳೂವರೆ ಇರಬಹುದು, ಮಂಜು ಇನ್ನೂ ನೀರು ಬಿಟ್ಟು ಎದ್ದಿರಲಿಲ್ಲ. ನಂಜನಗೂಡು ಸೀಮೆಯ ನಮ್ಮೂರ ಕೆರೆಯಲ್ಲಿ, ನೀರು ಹಿಂದೆ ಸರಿದು ಬಿಟ್ಟುಕೊಟ್ಟ ಕೆಸರು ದಿಬ್ಬದ ಮೇಲೆ ಮುನ್ನೂರರಷ್ಟು ಪಟ್ಟೆತಲೆ ಹೆಬ್ಬಾತುಗಳು ವಿಶ್ರಾಂತಿ ಪಡೆಯುತ್ತಿದ್ದವು. ಕೆಲವು ಒಂಟಿಕಾಲಲ್ಲಿ ನಿಂತು ಕೊಕ್ಕನ್ನು ಬೆನ್ನ ಗರಿಯೊಳಗೆ ತೂರಿಸಿಕೊಂಡಿದ್ದವು. ನಾನು ಎಂದಿನಂತೆ ಏರಿಯ ಕೊನೆಯ ಹೊಂಗೆ ಮರದ ಬುಡದಲ್ಲಿ ಕೂತು ಎಣಿಸುತ್ತಿದ್ದೆ. ನೂರ ಎಪ್ಪತ್ತಕ್ಕೆ ಬಂದಿದ್ದೆ. ಅಷ್ಟರಲ್ಲಿ ಕೆರೆಯಂಗಳದ ಒಣಭಾಗಕ್ಕೆ ಒಂದು ಕಾರು ಇಳಿಯಿತು. ನಾಲ್ವರು ಹುಡುಗರು ಇಳಿದರು. ಇಬ್ಬರ ಕೈಯಲ್ಲಿ ಮೊಳದುದ್ದದ ಕ್ಯಾಮೆರಾ. ಮೂರನೆಯವನು ಡ್ರೋನ್ ಹಾರಿಸಿದ.

ಆ ಗುಂಯ್ ಸದ್ದಿಗೆ ಮೊದಲು ಒಂದು ಕುತ್ತಿಗೆ ನೆಟ್ಟಗಾಯಿತು. ಆಮೇಲೆ ಹತ್ತು. ಆಮೇಲೆ ಅಷ್ಟೂ. ಒಂದೇ ಉಸಿರಿಗೆ ಮುನ್ನೂರು ಹಕ್ಕಿ ಎದ್ದವು. ಕೆರೆಯ ಮೇಲೆ ಎರಡು ಸುತ್ತು ಹಾಕಿದವು, ಇಳಿಯಲು ನೋಡಿದವು, ಮತ್ತೆ ಏರಿದವು. ಕೊನೆಗೆ ತೆಂಗಿನ ತೋಟಗಳಾಚೆ ತೆಂಕಣಕ್ಕೆ ಮರೆಯಾದವು. ಮಂಗಳವಾರದವರೆಗೆ ತಿರುಗಿ ಬರಲಿಲ್ಲ.

ಆ ಹುಡುಗರು ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ಕಂಡು ಹತ್ತಿರ ಬಂದು ನಮಸ್ಕಾರ ಮಾಡಿದರು. "ಸಾರ್, ನೋಡಿ, ಎಂಥ ಚೆಂದ ಬಂದಿದೆ!" ಎಂದು ಹಾರಿದ ಹಿಂಡಿನ ವಿಡಿಯೊ ತೋರಿಸಿದರು. ಅವರ ಕಣ್ಣಲ್ಲಿ ನಿಜವಾದ ಸಂತೋಷ ಇತ್ತು. ಚಳಿಯಲ್ಲಿ ನಾಲ್ಕು ಗಂಟೆಗೆ ಎದ್ದು ಅಷ್ಟು ದೂರದಿಂದ ಬಂದಿದ್ದರು. ನನಗೆ ಗಂಟಲು ಕಟ್ಟಿತು, ಏನೂ ಹೇಳಲಾಗಲಿಲ್ಲ. ಟೀ ಅಂಗಡಿಗೆ ಕರೆದುಕೊಂಡು ಹೋಗಿ ಟೀ ಕುಡಿಸಿ ಕಳಿಸಿದೆ. ಅವತ್ತು ಹೇಳಬೇಕಿದ್ದ ಮಾತನ್ನು ಈಗ ಹೇಳುತ್ತಿದ್ದೇನೆ. ಅವರಿಗೂ, ಈ ಮಾಗಿಯಲ್ಲಿ ಹಕ್ಕಿ ನೋಡಲು ಹೊರಡಲಿರುವ ನಿಮ್ಮೆಲ್ಲರಿಗೂ.

ಆ ಹೆಬ್ಬಾತುಗಳು ಎಲ್ಲಿಂದ ಬರುತ್ತವೆ ಎಂಬುದು ನಿಮಗೆ ಗೊತ್ತಿರಬಹುದು. ಮಂಗೋಲಿಯ, ಟಿಬೆಟ್, ನಮ್ಮ ಲಡಾಖಿನ ಎತ್ತರದ ಸರೋವರಗಳ ದಂಡೆಯಲ್ಲಿ ಮರಿ ಮಾಡುವ ಹಕ್ಕಿಗಳು ಇವು. ಕತ್ತಿಗೆ ಗುರುತಿನ ಪಟ್ಟಿ ಹಾಕಿ ಮಂಗೋಲಿಯದಲ್ಲಿ ಬಿಟ್ಟ ಹೆಬ್ಬಾತುಗಳನ್ನು ಮೈಸೂರು ಸುತ್ತಿನ ಕೆರೆಗಳಲ್ಲಿ ಕಂಡು ದಾಖಲು ಮಾಡಿದ್ದಾರೆ. ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಅಭ್ಯಾಸ ಮಾಡಿದ ವಿಜ್ಞಾನಿಗಳಿಗೆ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ಸಿಕ್ಕಿತು. ಬಯಲಿನಿಂದ ಹೊರಟು ಹಿಮಾಲಯ ಏರಲು ಅದಕ್ಕೆ ಏಳೆಂಟು ಗಂಟೆ ಸಾಕು. ಗಾಳಿಯ ಆಸರೆ ಇಲ್ಲದೆ, ರೆಕ್ಕೆ ಬಡಿದುಕೊಂಡೇ. ಎರಡು ಮೂರು ಕಿಲೋ ತೂಗುವ ಜೀವ ಅದು.

ಆದರೆ ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ಕಡೆ ಇವು ಮೇಯುವುದು ಹೆಚ್ಚಾಗಿ ಸಂಜೆಯ ಮೇಲೆ, ರಾತ್ರಿ. ಕತ್ತಲಾದ ಮೇಲೆ ಗದ್ದೆಗೆ, ಹೊಲಕ್ಕೆ ಇಳಿದು ಮೇಯುತ್ತವೆ. ಬೆಳಕು ಹರಿಯುವಾಗ ಕೆರೆಗೆ ಬಂದು, ಹಗಲೆಲ್ಲ ನೀರಿನ ನಡುವೆ, ನಾಯಿ ನರಿ ಬಾರದ ಜಾಗದಲ್ಲಿ ದಣಿವಾರಿಸಿಕೊಳ್ಳುತ್ತವೆ. ಅಂದರೆ ಬೆಳಗಿನ ಏಳೂವರೆ ಅವುಗಳಿಗೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ ಹೊತ್ತು. ಮಾರ್ಚಿಯಲ್ಲಿ ಹಿಂದಿರುಗುವ ದಾರಿಗೆ ಬುತ್ತಿ ಕಟ್ಟಿಕೊಳ್ಳುವುದು ಇಲ್ಲೇ. ಆ ಬುತ್ತಿ ಅಂದರೆ ಮೈಯೊಳಗಿನ ಕೊಬ್ಬು. ಒಮ್ಮೆ ಎಬ್ಬಿಸಿದರೆ ಒಂದಿಷ್ಟು ಬುತ್ತಿ ಕರಗಿತು ಎಂದೇ ಲೆಕ್ಕ. ಒಂದೇ ಭಾನುವಾರ ಮೂರು ಕಾರು ಬಂದರೆ?

ನಾನು ಹಕ್ಕಿ ನೋಡುವುದನ್ನು ಕಲಿತದ್ದು ಪುಸ್ತಕದಿಂದಲ್ಲ, ನಮ್ಮೂರ ನೀರುಗಂಟಿ ತಾತನಿಂದ. ಆಗ ನನಗೆ ಹನ್ನೊಂದು ವರ್ಷ. ಕೊರಳಲ್ಲಿ ಯಾವಾಗಲೂ ಕ್ಯಾಟರ್‌ಬಿಲ್ ನೇತಾಡುತ್ತಿತ್ತು. ಜೇಬಿನ ತುಂಬ ಗುಂಡುಕಲ್ಲು. ಭತ್ತದ ಕೊಯ್ಲು ಮುಗಿದು ಕೂಳೆ ಗದ್ದೆಯಲ್ಲಿ ನೀರು ನಿಂತಿದ್ದ ಕಾಲ. ತೂಬಿನ ಹತ್ತಿರ ಬಾತುಗಳ ಹಿಂಡು ಕಂಡು ಬಾಗಿ ಬಾಗಿ ಹೋಗುತ್ತಿದ್ದೆ. ತಾತ ಹಿಂದಿನಿಂದ ಬಂದು ಭುಜ ಹಿಡಿದ. ಬೈಯಲಿಲ್ಲ. ಕ್ಯಾಟರ್‌ಬಿಲ್ ಕಿತ್ತುಕೊಳ್ಳಲೂ ಇಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಿಸಿಕೊಂಡು ಹೇಳಿದ: "ಸುಮ್ಕೆ ಕೂತ್ಕೊಳ್ಲಾ ಮಗಾ. ನೀ ನೋಡಕ್ಕೆ ಹೋಗ್ಬ್ಯಾಡ. ಮೊದ್ಲು ಅವು ನಿನ್ನ ನೋಡ್ಲಿ."

ಕೂತೆವು. ನನ್ನ ಕಾಲು ಜೋಮು ಹಿಡಿಯಿತು. ಕಂಬಳಿಯ ಒಂದು ತುದಿಯನ್ನು ನನ್ನ ಮೇಲೆ ಹೊದೆಸಿದ. ಬಾತುಗಳು ನಮ್ಮನ್ನು ನೋಡಿದವು, ಸ್ವಲ್ಪ ದೂರ ಈಜಿದವು, ಮತ್ತೆ ನೋಡಿದವು. ಅರ್ಧ ಗಂಟೆಯಾದ ಮೇಲೆ ನಾವು ಅಲ್ಲಿರುವುದನ್ನೇ ಮರೆತವು. ಆಮೇಲೆ ಕಂಡದ್ದನ್ನು ನಾನು ಈ ವಯಸ್ಸಿನಲ್ಲೂ ಮರೆತಿಲ್ಲ. ಸೂಜಿಬಾಲದ ಬಾತು ತಲೆ ನೀರಿಗಿಟ್ಟು, ಬಾಲ ಆಕಾಶಕ್ಕೆ ನಿಲ್ಲಿಸಿ, ಕೆಸರಿನ ತಳದಿಂದ ಏನನ್ನೋ ಹೆಕ್ಕುತ್ತಿತ್ತು. ಕಂದು ತಲೆ, ಬಿಳಿ ಕುತ್ತಿಗೆ. ಕುತ್ತಿಗೆಯ ಆ ಬಿಳಿ ತಲೆಯ ಹಿಂಬದಿಗೆ ಸಣ್ಣ ನಾಲಗೆಯಂತೆ ಏರಿ ಹೋಗಿತ್ತು. ಕೊಕ್ಕಿನಿಂದ ಹನಿ ತೊಟ್ಟಿಕ್ಕುವುದು ಕೂಡ ಕಾಣುತ್ತಿತ್ತು. ಗುಂಡುಕಲ್ಲು ಜೇಬಿನಲ್ಲೇ ಉಳಿಯಿತು. ಹಾಗೆ ಹತ್ತಿರದಿಂದ ನೋಡಿದ ಮೇಲೆ ಹೊಡೆಯುವುದು ಹೇಗೆ?

ಇವತ್ತು ಕ್ಯಾಟರ್‌ಬಿಲ್ ಹಿಡಿದ ಹುಡುಗರು ಕಡಿಮೆ. ಅದು ಒಳ್ಳೆಯದೇ ಆಯಿತು. ಆದರೆ ಕ್ಯಾಮೆರಾ ಹಿಡಿದವರಲ್ಲಿ ಅದೇ ಬೇಟೆಯ ಅವಸರ ಕಾಣುತ್ತದೆ ಎಂಬುದು ನನ್ನ ಚಿಂತೆ. "ಹೊಡ್ಕೊಂಡು ಬಂದೆ" ಎಂದೇ ಕೆಲವರು ಹೇಳುತ್ತಾರೆ. ಶನಿವಾರ ಒಂದು ಜಿಲ್ಲೆ, ಭಾನುವಾರ ಇನ್ನೊಂದು. ಯಾವ ಹಕ್ಕಿ ಎಲ್ಲಿದೆ ಎಂದು ಫೋನಿಗೆ ಬರುತ್ತದೆ, ಅಲ್ಲಿಗೆ ಓಟ. ಚಿತ್ರ ಸಿಕ್ಕಿತೋ, ಆ ಹಕ್ಕಿಯ ಕೆಲಸ ಮುಗಿಯಿತು. ಆ ಕೆರೆಯ ಹೆಸರು ಕೂಡ ನೆನಪಿರುವುದಿಲ್ಲ.

ಹಾಗೆ ಮಾಡಬೇಡಿ. ನನ್ನ ಮಾತು ಇಷ್ಟೇ: ಒಂದು ಕೆರೆ ಹಿಡಿದುಕೊಳ್ಳಿ. ನಿಮ್ಮ ಮನೆಯಿಂದ ಸೈಕಲ್ಲಿನಲ್ಲಿ, ಬೈಕಿನಲ್ಲಿ ಅರ್ಧ ಗಂಟೆಯಲ್ಲಿ ಮುಟ್ಟುವಂಥದ್ದು. ಹೆಸರಾಂತ ಕೆರೆಯೇ ಆಗಬೇಕಿಲ್ಲ. ನಮ್ಮ ಕಡೆ ಹದಿನಾರು ಎಂಬ ಊರಿನ ಕೆರೆ, ಗದಗ ಜಿಲ್ಲೆಯ ಶಿರಹಟ್ಟಿ ಕಡೆ ಮಾಗಡಿ ಕೆರೆ ಹೆಬ್ಬಾತುಗಳಿಂದ ಹೆಸರು ಪಡೆದಿವೆ. ಮಾಗಡಿ ಕೆರೆಗೆ 2024ರಲ್ಲಿ, ಜಗತ್ತಿನ ಮಹತ್ವದ ಜೌಗುನೆಲಗಳಿಗೆ ಕೊಡುವ ರಾಮ್ಸರ್ ಮನ್ನಣೆಯೂ ಬಂತು. ಅವಕ್ಕೆ ಕಾವಲಿದೆ, ನೋಡುವವರಿದ್ದಾರೆ. ಯಾರೂ ನೋಡದ ಕೆರೆಗೆ ನೀವು ಬೇಕು. ಊರ ಹಿಂದಿನ ಕಟ್ಟೆಯಾದರೂ ಸರಿ, ಜಂಬು ಬೆಳೆದ ಹಳ್ಳವಾದರೂ ಸರಿ. ನವೆಂಬರಿನಿಂದ ಮಾರ್ಚಿಯವರೆಗೆ ವಾರಕ್ಕೊಮ್ಮೆ ಅಲ್ಲಿಗೆ ಹೋಗಿ. ಮುಂದಿನ ವರ್ಷವೂ ಹೋಗಿ. ಅದರ ಮುಂದಿನ ವರ್ಷವೂ.

ಬೇಜಾರಾಗುವುದಿಲ್ಲವೇ ಎಂದು ನನ್ನ ಮೊಮ್ಮಗಳೇ ಕೇಳಿದ್ದಾಳೆ. ಮೊದಲ ನಾಲ್ಕು ವಾರ ಆಗುತ್ತದೆ, ನಿಜ. ಆಮೇಲೆ ಕೆರೆ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಬಿಳಿಹುಬ್ಬಿನ ಬಾತು ಯಾವ ಮೂಲೆಯಲ್ಲಿ ಸೇರುತ್ತದೆ, ಜೌಗು ಸೆಳೆವ ಯಾವ ಹೊತ್ತಿಗೆ ಜಂಬಿನ ಮೇಲೆ ಸುತ್ತು ಹಾಕುತ್ತದೆ, ಅದು ಬಂದಾಗ ನಾಮದ ಕೋಳಿಗಳು ಹೇಗೆ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ ಎಂಬುದೆಲ್ಲ ತಿಳಿಯುತ್ತದೆ. ಒಂದು ದಿನ ನಾಮದ ಕೋಳಿಗಳು ಮುದ್ದೆಯಾದದ್ದು ಕಂಡು, ತಲೆ ಎತ್ತುವ ಮೊದಲೇ ಸೆಳೆವ ಬಂದಿದೆ ಎಂದು ನಿಮಗೆ ಗೊತ್ತಾಗುತ್ತದೆ. ಊರೂರು ಓಡುವವರಿಗೆ ಇದು ದಕ್ಕುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಚಳಿಗಾಲ ಎಂದರೆ ಎಲ್ಲರ ಕಣ್ಣೂ ದೊಡ್ಡ ಹಕ್ಕಿಯ ಮೇಲೆ. ಆದರೆ ನಮ್ಮ ಬೇಲಿಗಳ ಒಳಗೆ, ಲಂಟಾನದ ಪೊದೆಯಲ್ಲಿ, ಬೆಳಿಗ್ಗೆ 'ಚಕ್, ಚಕ್' ಎಂದು ಬೆಣಚುಕಲ್ಲು ತಾಗಿಸಿದಂತೆ ಸದ್ದು ಮಾಡುವ ಉಲಿಯಕ್ಕಿ ಇದೆಯಲ್ಲ, ಗುಬ್ಬಿಗಿಂತ ಚಿಕ್ಕದು, ತೂಕ ಹತ್ತು ಹನ್ನೆರಡು ಗ್ರಾಂ, ಅದೂ ಮಧ್ಯ ಏಷ್ಯ, ರಷ್ಯದ ಕಡೆಯಿಂದ ಬಂದದ್ದೇ. ಅಂಗಳದಲ್ಲಿ ಬಾಲ ಕುಣಿಸುತ್ತ ಓಡಾಡುವ ಕುಂಡೆಕುಸ್ಕಗಳಲ್ಲೂ ಹಲವು ಹಾಗೆಯೇ ದೂರದಿಂದ ಬಂದವು. ಕಾಲಿಗೆ ಉಂಗುರ ತೊಡಿಸಿ ನೋಡಿದಾಗ, ಇಂಥ ಪುಟ್ಟ ಹಕ್ಕಿಗಳಲ್ಲಿ ಎಷ್ಟೋ ವರ್ಷ ವರ್ಷವೂ ಅದೇ ತೋಟಕ್ಕೆ, ಅದೇ ಪೊದೆಯ ಆಸುಪಾಸಿಗೇ ಬರುತ್ತವೆ ಎಂದು ತಿಳಿದಿದೆ. ನಮ್ಮ ಹಿತ್ತಿಲ ಬೇಲಿಯಲ್ಲಿ ಹದಿನೈದು ವರ್ಷ ಒಂದೇ ಜಾಗದಿಂದ ಆ 'ಚಕ್' ಕೇಳಿದ್ದೇನೆ. ಮಕ್ಕಳು ಕಾಂಪೌಂಡ್ ಕಟ್ಟಿಸಬೇಕೆಂದು ಬೇಲಿ ಕಡಿಸಿದ ವರ್ಷ ಸೆಪ್ಟೆಂಬರಿನಲ್ಲಿ ನಾನು ಕಾದೆ. ಬರಲಿಲ್ಲ. ಅದು ಬಂದು, ತನ್ನ ಪೊದೆ ಹುಡುಕಿ, ಬರೀ ಗೋಡೆ ಕಂಡು ಹೋಗಿರಬಹುದು. ಮನೆ ಕಟ್ಟುವ ವಯಸ್ಸಿನವರು ನೀವು, ಒಂದು ಬದಿಯಲ್ಲಾದರೂ ಬೇಲಿ ಉಳಿಸಿ.

ಈಗ ನನ್ನ ಜೀವನದ ಒಂದು ತಪ್ಪನ್ನು ಹೇಳಬೇಕು. ನೀವು ಅದನ್ನು ಮಾಡಬಾರದು ಎಂಬ ಕಾರಣಕ್ಕೇ ಹೇಳುತ್ತಿದ್ದೇನೆ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ನಮ್ಮ ಕೆರೆ ನೋಡಿದೆ, ಆದರೆ ಒಂದು ಅಕ್ಷರ ಬರೆದಿಡಲಿಲ್ಲ. ಎಲ್ಲ ನೆನಪಿದೆ ಎಂಬ ಧೈರ್ಯ. ಆಮೇಲೆ ಒಂದು ಬೇಸಿಗೆಯಲ್ಲಿ ಕೆರೆಯ ಹಿನ್ನೀರಿನ ಕಡೆ ಮಣ್ಣು ತೆಗೆಯಲು ಅನುಮತಿ ಕೊಡುತ್ತಾರೆ ಎಂಬ ಸುದ್ದಿ ಬಂತು. ಊರಿನ ಹತ್ತು ಹನ್ನೆರಡು ಜನ ಒಂದು ಕಚೇರಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ಒರಟಾಗಿ ಮಾತಾಡಲಿಲ್ಲ. ಕುರ್ಚಿ ಕೊಟ್ಟು ಕೂರಿಸಿ ಕೇಳಿದರು: "ಹಕ್ಕಿ ಬರ್ತವೆ ಅಂತೀರಿ ಮೇಷ್ಟ್ರೇ. ಎಷ್ಟು ಬರ್ತವೆ? ಯಾವ ವರ್ಷದಿಂದ? ಎಲ್ಲಾದ್ರೂ ಬರೆದಿಟ್ಟಿದ್ದೀರಾ?" ನಾನು "ಸಾವಿರಾರು" ಎಂದೆ. ಅವರು ಪೆನ್ನು ಕೆಳಗಿಟ್ಟರು. ಆ ಪೆನ್ನು ಕೆಳಗಿಟ್ಟ ಸದ್ದು ನನಗಿನ್ನೂ ಕೇಳುತ್ತದೆ.

ಆ ಬೇಸಿಗೆಯಲ್ಲಿ ಮಣ್ಣು ಹೋಯಿತು. ಇಳಿಜಾರಾಗಿದ್ದ ದಂಡೆ ಆಳೆತ್ತರದ ಹೊಂಡವಾಯಿತು. ಮುಂದಿನ ನಾಲ್ಕು ಮಾಗಿಗಳಲ್ಲಿ ಅಲ್ಲಿ ಒಂದು ಗದ್ದೆಗೊರವ ಕಾಲಿಡಲಿಲ್ಲ. ಹೂಳು ತುಂಬಿ ದಂಡೆ ಮತ್ತೆ ಇಳಿಜಾರಾಗುವವರೆಗೆ ಕಾಯಬೇಕಾಯಿತು.

ಅಂದಿನಿಂದ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ ನೂರು ಪುಟದ ನೋಟ್‌ಬುಕ್ ಸಾಕು. ತಾರೀಖು, ಹೊತ್ತು, ನೀರು ತೂಬಿನ ಕಲ್ಲಿಗೆ ಎಷ್ಟು ಮೆಟ್ಟಿಲು ಕೆಳಗಿದೆ, ಗಾಳಿ ಇತ್ತೇ ಮಂಜಿತ್ತೇ, ಯಾವ ಹಕ್ಕಿ ಎಷ್ಟು. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕು, ಕಾಲು, ಬಾಲದ ಚಿತ್ರ ಗೀಚಿಕೊಳ್ಳಿ. ಏನೂ ಕಾಣದ ದಿನವೂ ಬರೆಯಿರಿ. 'ಇವತ್ತು ಹೆಬ್ಬಾತು ಇಲ್ಲ' ಎಂಬ ಒಂದು ಸಾಲಿಗೆ ಹತ್ತು ವರ್ಷ ಕಳೆದ ಮೇಲೆ ಬೆಲೆ ಬರುತ್ತದೆ. ದೊಡ್ಡ ಹಿಂಡು ಎಣಿಸುವುದು ಕಷ್ಟ ಎನ್ನಬೇಡಿ. ಮೊದಲು ಹತ್ತು ಹಕ್ಕಿಯನ್ನು ಒಂದೊಂದಾಗಿ ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿದಿವೆ ಎಂಬುದನ್ನು ಕಣ್ಣಿನಲ್ಲಿ ಅಳೆದುಕೊಳ್ಳಿ. ಆಮೇಲೆ ಸೇರಿನಲ್ಲಿ ಭತ್ತ ಅಳೆಯುವ ಹಾಗೆ ಆ ಅಳತೆಯನ್ನು ಹಿಂಡಿನ ಮೇಲೆ ಸಾಲಾಗಿ ಇಡುತ್ತ ಹೋಗಿ. ಎರಡು ಸಲ ಎಣಿಸಿ. ಎರಡರ ನಡುವೆ ಬಹಳ ವ್ಯತ್ಯಾಸ ಬಂದರೆ ಮೂರನೆಯ ಸಲ.

ನಿಮ್ಮ ಕಾಲಕ್ಕೆ ನಮಗಿಲ್ಲದ ಅನುಕೂಲವೂ ಇದೆ. ಬರೆದದ್ದನ್ನು ಹಕ್ಕಿ ನೋಡುಗರ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದರೆ ನಾಡಿನ ಲೆಕ್ಕದಲ್ಲಿ ಅದೂ ಕೂಡುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿ ಕುರಿತು 2023ರಲ್ಲಿ ಬಂದ ವರದಿ 942 ಬಗೆಯ ಹಕ್ಕಿಗಳನ್ನು ಪರಿಶೀಲಿಸಿತು. ಅದರ ಬುನಾದಿ ಸುಮಾರು 30 ಸಾವಿರ ಹಕ್ಕಿ ನೋಡುಗರು ಬರೆದ ಮೂರು ಕೋಟಿ ದಾಖಲೆ. ಅವರಲ್ಲಿ ಬಹುಪಾಲು ನಿಮ್ಮಂಥವರೇ, ನನ್ನಂಥವರೇ. ದೂರದಿಂದ ವಲಸೆ ಬರುವ ಹಕ್ಕಿ, ಬಾತು, ದಂಡೆಯ ಗೊರವ, ಹುಲ್ಲುಗಾವಲಿನ ಹಕ್ಕಿ, ಇವು ಇಳಿಮುಖವಾಗಿವೆ ಎಂದು ಆ ವರದಿ ಹೇಳಿತು. ನಮ್ಮ ಚಳಿಗಾಲದ ಅತಿಥಿಗಳಲ್ಲಿ ಹೆಚ್ಚಿನವು ಈ ಗುಂಪಿನವೇ. ಏಷ್ಯದ ನೀರುಹಕ್ಕಿಗಳ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತಿದೆ, ಅದರಲ್ಲೂ ಸೇರಿಕೊಳ್ಳಿ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಹೇಗೆ? ಸಲೀಂ ಅಲಿಯವರು ಮೈಸೂರು ಸೀಮೆಯ ಹಕ್ಕಿಗಳ ಸರ್ವೆ ಮಾಡಲು ಬಂದರು. ಊರೂರು ತಿರುಗಿ ಕಂಡದ್ದನ್ನು ಬರೆದರು. ಬರೆದವರ ಮಾತನ್ನು ಅರಸರು ಕೇಳಿದರು.

ನಿಮ್ಮಲ್ಲಿ ಕೆಲವರು ಎಂಜಿನಿಯರಿಂಗ್ ಓದುತ್ತಿರುತ್ತೀರಿ. ನಾಳೆ ಪಂಚಾಯಿತಿಗೆ ನಿಲ್ಲುವವರೂ ಇರುತ್ತೀರಿ. ಕೆರೆ ಅಭಿವೃದ್ಧಿಯ ಕಡತ ನಿಮ್ಮ ಮೇಜಿಗೆ ಬರುವ ದಿನ ದೂರವಿಲ್ಲ. ಆಗ ಈ ಮುದುಕನ ಒಂದು ಮಾತು ನೆನಪಿಟ್ಟುಕೊಳ್ಳಿ. ಕೆರೆ ತಟ್ಟೆಯ ಹಾಗಿರಬೇಕು, ಬೋಗುಣಿಯ ಹಾಗಲ್ಲ. ಗೊರವಗಳಿಗೆ ಬೇಕಾದದ್ದು ಕಣಕಾಲು ನೆನೆಯದಷ್ಟು ನೀರು ಮತ್ತು ಹಸಿ ಕೆಸರು. ಮೆಟ್ಟುಗಾಲು ಹಕ್ಕಿಗೆ ಗೇಣುದ್ದ. ತಲೆ ಮುಳುಗಿಸಿ ಮೇಯುವ ಬಾತುಗಳಿಗೆ ಮೊಳದೊಳಗೆ. ಮುಳುಗು ಹಾಕುವ ಬಾತುಗಳಿಗೆ ಮಾತ್ರ ಆಳ. ಹೂಳೆತ್ತುವುದು ಬೇಡ ಎನ್ನುತ್ತಿಲ್ಲ, ಬೇಸಾಯಕ್ಕೆ ನೀರು ಬೇಕು. ಆದರೆ ಜೆಸಿಬಿ ತಂದು ಸುತ್ತ ನೆಟ್ಟಗೆ ಕೊರೆದು, ಕಲ್ಲು ಕಟ್ಟಿ, ಮೇಲೆ ನಡೆಯುವ ದಾರಿ ಮಾಡಿ, ದೀಪ ಹಾಕಿದರೆ ಅದು ತೊಟ್ಟಿಯಾಗುತ್ತದೆ. ನಮ್ಮ ಹಿರಿಯರು ಕಟ್ಟಿದ ಕೆರೆಗೆ ಏರಿ ಇದ್ದದ್ದು ಒಂದೇ ಕಡೆ. ಮಿಕ್ಕ ಮೂರು ಕಡೆ ನೀರು ನೆಲದ ಮೇಲೆ ತಾನಾಗಿ ಹರಡಿ, ಮಾಗಿ ಕಳೆದಂತೆ ತಾನಾಗಿ ಹಿಂದೆ ಸರಿಯುತ್ತಿತ್ತು. ಅದು ಸರಿದ ಜಾಗದಲ್ಲೇ ಹಕ್ಕಿಯ ಊಟ. ಆ ಮೂರು ಕಡೆಯನ್ನು ಹಾಗೇ ಬಿಡಿ.

ಇನ್ನು ರೈತರ ವಿಷಯ. ನೀವು ನಡೆಯುವ ಬದು ಯಾರದೋ ಮನೆಯವರದು. ಕೇಳಿ ನಡೆಯಿರಿ. ಹುರುಳಿ, ಅವರೆ ಹೂ ಬಿಟ್ಟ ಹೊಲದಲ್ಲಿ ಚಿತ್ರಕ್ಕೆಂದು ಕಾಲಿಡಬೇಡಿ. "ಅಣ್ಣಾ, ಈ ಸಲ ಬಾತು ಗದ್ದೆಗೆ ಬಂದಿದ್ವಾ?" ಎಂದು ಕೇಳಿ ನೋಡಿ. ಕೆಲವರು ಕೋಪದಿಂದಲೇ ಮಾತು ಶುರು ಮಾಡುತ್ತಾರೆ. ನೂರಾರು ಹೆಬ್ಬಾತು ಒಂದು ರಾತ್ರಿ ಎಳೆ ಪೈರಿಗೆ ಇಳಿದರೆ ನಷ್ಟ ಅವರದೇ ತಾನೇ? ಆ ಕೋಪವನ್ನು ಪೂರ್ತಿ ಕೇಳಿಸಿಕೊಳ್ಳಿ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಪರಿಹಾರದ ಮಾತು ಬಂದಾಗ ಅದು ಅವರಿಗೆ ಆಧಾರವಾಗುತ್ತದೆ. ಕುರಿ ಕಾಯುವವರನ್ನು ಮಾತಾಡಿಸಿ. ಸೆಳೆವಗಳು ಸಂಜೆ ಯಾವ ಬೀಳಿನ ಹುಲ್ಲಿನಲ್ಲಿ ಇಳಿದು ನೆಲದ ಮೇಲೇ ಮಲಗುತ್ತವೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾವ ಪುಸ್ತಕಕ್ಕೂ ಗೊತ್ತಿಲ್ಲ. ಗೊತ್ತಾದ ಮೇಲೆ ಆ ಹುಲ್ಲಿಗೆ ಬೈಕ್ ನುಗ್ಗಿಸಬೇಡಿ. ದೂರದಿಂದ ನೋಡಿ, ಕತ್ತಲಾಗುವ ಮುಂಚೆ ಹೊರಟುಬಿಡಿ.

ಕೊಕ್ಕರೆ ಬೆಳ್ಳೂರನ್ನು ನೋಡಿ. ಮದ್ದೂರು ತಾಲ್ಲೂಕಿನ ಆ ಊರಿಗೆ ಮಾಗಿಯಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬಂದು ಮನೆ ಮುಂದಿನ ಹುಣಸೆ ಮರ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಅವನ್ನು ಭಾವಿಸುತ್ತಾರೆ. ಹಿಕ್ಕೆಯ ವಾಸನೆ, ತಲೆ ಮೇಲೆ ಬೀಳುವ ಮೀನು, ಎಲ್ಲವನ್ನೂ ಸಹಿಸಿಕೊಂಡಿದ್ದಾರೆ. ಅಲ್ಲಿನ ಯುವಕರೇ ಹೆಜ್ಜಾರ್ಲೆ ಬಳಗ ಎಂದು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಟ್ಟರು. ನಿಮ್ಮ ವಯಸ್ಸಿನವರು ಮಾಡಿದ ಕೆಲಸ ಅದು. ನಿಮ್ಮ ಕೈಲಾಗದು ಎಂದು ನಾನು ನಂಬುವುದಿಲ್ಲ.

ಬಾಣಂತಿ ಮಲಗಿದ ಕೋಣೆಗೆ ಯಾರೂ ದಡಬಡ ನುಗ್ಗುವುದಿಲ್ಲ. ಗೂಡಿನ ವಿಷಯದಲ್ಲಿ ಅಷ್ಟು ಮರ್ಯಾದೆ ಸಾಕು. ಚಿತ್ರಕ್ಕೆ ಅಡ್ಡ ಬರುತ್ತದೆ ಎಂದು ಗೂಡಿನ ಮುಂದಿನ ಎಲೆ ಕೀಳಬೇಡಿ. ಎಲೆ ಕಿತ್ತರೆ ಬಿಸಿಲು ಬೀಳುತ್ತದೆ, ಕಾಗೆಗೆ ದಾರಿಯಾಗುತ್ತದೆ. ಫೋನಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ. ತನ್ನ ಜಾಗಕ್ಕೆ ಬೇರೆಯವನು ಬಂದ ಎಂದು ಅದು ಮೇಯುವುದನ್ನು ಬಿಟ್ಟು ಜಗಳಕ್ಕೆ ಬರುತ್ತದೆ, ಯಾರೂ ಇಲ್ಲದ್ದು ಕಂಡು ಪೊದೆಯಿಂದ ಪೊದೆಗೆ ಅಲೆಯುತ್ತದೆ. ದಣಿದು ಬಂದ ನವರಂಗವನ್ನು ಹಾಗೆ ಕುಣಿಸಿ ಚಿತ್ರ ತೆಗೆದವರನ್ನು ನಾನು ಕಂಡಿದ್ದೇನೆ. ಹಗಲು ಗೂಬೆ ಕೂರುವ ಪೊಟರೆ, ಅಪರೂಪದ ಹಕ್ಕಿ ತಂಗುವ ಮರ, ಇವುಗಳ ಗುರುತನ್ನು ಎಲ್ಲರಿಗೂ ಹಂಚಬೇಡಿ. ಹತ್ತು ಒಳ್ಳೆಯವರ ಹಿಂದೆ ಒಬ್ಬ ಉರುಳು ಹಾಕುವವನು ಇರುತ್ತಾನೆ.

ಹೆಬ್ಬಾತಿನ ಹತ್ತಿರ ಎಷ್ಟು ಹೋಗಬಹುದು ಎಂದು ಕೇಳಿದರೆ ನಾನು ಗಜದ ಲೆಕ್ಕ ಹೇಳುವುದಿಲ್ಲ. ಕುತ್ತಿಗೆಗಳನ್ನು ನೋಡಿ ಎನ್ನುತ್ತೇನೆ. ಎಲ್ಲವೂ ಬಾಗಿದ್ದರೆ ನೀವು ಅವಕ್ಕೆ ಹೊರೆಯಾಗಿಲ್ಲ. ಅಲ್ಲೊಂದು ಇಲ್ಲೊಂದು ಎದ್ದರೆ ನಿಂತುಬಿಡಿ. ಸಾಲಾಗಿ ಎದ್ದರೆ ಹಿಂದಕ್ಕೆ ಬನ್ನಿ, ಬೆನ್ನು ತಿರುಗಿಸಿ ಓಡದೆ, ನಿಧಾನವಾಗಿ. ಏರಿಯ ನೆತ್ತಿಯ ಮೇಲೆ ನಿಲ್ಲಬೇಡಿ, ಆಕಾಶಕ್ಕೆ ಎದುರಾಗಿ ನಿಮ್ಮ ಆಕಾರ ಇಡೀ ಕೆರೆಗೆ ಕಾಣುತ್ತದೆ. ಕೆಳಗಿಳಿದು ಮರದ ನೆರಳಲ್ಲಿ ಕೂರಿ. ಬೆಳಿಗ್ಗೆಯಾದರೆ ಮೂಡಣ ದಂಡೆಯೇ ಸರಿ, ಸೂರ್ಯ ನಿಮ್ಮ ಬೆನ್ನಿಗೆ ಬರುತ್ತಾನೆ, ಹಕ್ಕಿಯ ಬಣ್ಣ ಇದ್ದಂತೆ ಕಾಣುತ್ತದೆ. ಬಿಳಿ ಅಂಗಿ ಬೇಡ. ಮಾಸಿದ ಕಂದು, ಮಾಸಿದ ಹಸಿರು ಯಾವುದಾದರೂ ಆಯಿತು. ಕಂಬಳಿಯಂತೂ ಎಲ್ಲಕ್ಕಿಂತ ಮೇಲು.

ಹೆಸರುಗಳನ್ನು ಕನ್ನಡದಲ್ಲೂ ಕಲಿಯಿರಿ. ಇಂಗ್ಲಿಷ್ ಹೆಸರು ಬೇಡ ಎಂದಲ್ಲ, ಹೊರಗಿನವರೊಡನೆ ಮಾತಾಡಲು ಅದು ಬೇಕು. ಆದರೆ ಕಾಜಾಣ, ಮಡಿವಾಳ, ಪಿಕಳಾರ, ಕೆಂಬೂತ, ಟಿಟ್ಟಿಭ ಎಂದು ಬಾಯ್ತುಂಬ ಹೇಳಿದಾಗ ಪಕ್ಕದಲ್ಲಿ ಎಮ್ಮೆ ಮೇಯಿಸುತ್ತಿದ್ದ ಅಜ್ಜಿ "ಓ, ಅದಾ!" ಎಂದು ಹತ್ತಿರ ಬಂದು ತನಗೆ ಗೊತ್ತಿರುವುದನ್ನು ಹೇಳುತ್ತಾಳೆ. ತೇಜಸ್ವಿಯವರು 'ಹಕ್ಕಿ ಪುಕ್ಕ' ಬರೆದು ಹಳ್ಳಿಯ ಹುಡುಗರ ಕೈಗೆ ನಮ್ಮ ಹಕ್ಕಿಗಳನ್ನು ನಮ್ಮ ಮಾತಿನಲ್ಲೇ ಕೊಟ್ಟರು. ಆ ಪುಸ್ತಕ ಕೊಳ್ಳಿ. ಇಲ್ಲವೇ ಊರ ಗ್ರಂಥಾಲಯಕ್ಕೆ ತರಿಸಿ.

ನೀರುಗಂಟಿ ತಾತ ಹೋಗಿ ಬಹಳ ವರ್ಷವಾಯಿತು. ಆ ಕೆಲಸವೇ ಈಗ ನಮ್ಮೂರಲ್ಲಿಲ್ಲ. ತೂಬು ಎತ್ತುವವರು ಯಾರು, ಕೋಡಿ ಬಿದ್ದರೆ ನೋಡುವವರು ಯಾರು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಕೆರೆಯನ್ನು ದಿನಾ ನೋಡುವ ಕಣ್ಣು ಊರಿನಲ್ಲಿ ಇಲ್ಲವಾದದ್ದೇ ಅದರ ಕಷ್ಟಕ್ಕೆಲ್ಲ ಮೊದಲು ಎಂದು ನನಗೆ ಬಲವಾಗಿ ಅನಿಸುತ್ತದೆ. ಚರಂಡಿ ನೀರು ತಿರುಗಿಸಿದ್ದು, ಹಿನ್ನೀರಿನ ಕಡೆ ಬೇಲಿ ಮೂರು ಮಾರು ಒಳಗೆ ಬಂದದ್ದು, ರಾತ್ರಿ ಬಲೆ ಬಿಟ್ಟದ್ದು, ಇದೆಲ್ಲ ಮೊದಲು ಗೊತ್ತಾಗಬೇಕಾದದ್ದು ಅಲ್ಲಿ ವಾರ ವಾರ ಕೂರುವವನಿಗೆ. ಹಕ್ಕಿಯ ನೆಪದಲ್ಲಾದರೂ ಆ ಜಾಗಕ್ಕೆ ನೀವು ಬಂದು ಕೂರಬೇಕು.

ಆ ನಾಲ್ವರು ಹುಡುಗರಲ್ಲಿ ಒಬ್ಬ ಫೆಬ್ರವರಿಯಲ್ಲಿ ಮತ್ತೆ ಬಂದಿದ್ದ. ಒಬ್ಬನೇ, ಬಸ್ಸಿನಲ್ಲಿ. ಕ್ಯಾಮೆರಾ ಚೀಲದಲ್ಲೇ ಇತ್ತು. ನಾನೇ ಮೊದಲು ಮಾತಾಡಿಸಿದೆ. ಹೊಂಗೆ ಮರದ ಕೆಳಗೆ ಒಂದೂವರೆ ಗಂಟೆ ಕೂತ. ಹಿಂಡು ಇನ್ನೂರ ಹದಿನಾಲ್ಕು ಎಂದು ಅವನು ಎಣಿಸಿದ, ನನ್ನ ಲೆಕ್ಕ ಇನ್ನೂರ ಎಂಟು. ಎರಡನ್ನೂ ಬರೆದೆವು.

ನನ್ನ ಮಂಡಿ ಈಗ ಮೊದಲಿನ ಹಾಗಿಲ್ಲ, ಎಲ್ಲ ವಾರ ಹೋಗಲಾಗುವುದಿಲ್ಲ. ನನ್ನ ಹಳೆಯ ದುರ್ಬೀನನ್ನು ಏರಿಯ ತುದಿಯ ಟೀ ಅಂಗಡಿಯಲ್ಲಿ ಕೊಟ್ಟಿದ್ದೇನೆ, ನೋಟ್‌ಬುಕ್ಕೂ ಅಲ್ಲೇ ಇದೆ. ಯಾರು ಕೇಳಿದರೂ ಕೊಡಲು ಹೇಳಿದ್ದೇನೆ. ದುರ್ಬೀನಿನ ಬಲಗಣ್ಣಿನ ತಿರುಗಣೆ ಸ್ವಲ್ಪ ಬಿಗಿ, ಜೋರು ಮಾಡಬೇಡಿ, ನಿಧಾನವಾಗಿ ತಿರುಗಿಸಿ. ಪೆನ್ಸಿಲ್ ನೋಟ್‌ಬುಕ್ಕಿಗೆ ದಾರದಿಂದ ಕಟ್ಟಿದೆ. ಬರೆದ ಮೇಲೆ ತಾರೀಖು ಹಾಕುವುದನ್ನು ಮರೆಯಬೇಡಿ.